ಗಂಜಿಯ ಶಿಲ್ಪವನ್ನು ಏಕೆ ಕೈಬಿಟ್ಟಿರಿ?

ಪ್ರಿಯ ಲೇಖಕರೇ,

ಜರ್ಮನಿಯನ್ನು ತೊರೆದು ಬ್ರಿಟನ್ ಸೇರಿದ ಕಲಾವಿದ ಕುರ್ಟ್ ಶ್ವಿಟ್ಟರ್ಸ್ ಅವರ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ.

ಹನ್ನೆರಡು ಪುಟಗಳಲ್ಲಿ ಒಂಬತ್ತು ಹಿಟ್ಲರನಿಗೇ ಮೀಸಲಾಗಿವೆ. ನಾತ್ಸಿಗಳು 1937ರಲ್ಲಿ ಮ್ಯೂನಿಕ್‌ನಲ್ಲಿ ಹೀಯಾಳಿಸಲೆಂದೇ ಏರ್ಪಡಿಸಿದ ಪ್ರದರ್ಶನದಲ್ಲಿ ಶ್ವಿಟ್ಟರ್ಸ್ ಅವರ ಕೃತಿಗಳೂ ಇದ್ದವು, ಅದೇ ವರ್ಷ ಅವರು ನಾರ್ವೆಗೆ ಹೋದರು, 1940ರಲ್ಲಿ ಜರ್ಮನ್ ಸೇನೆ ಅಲ್ಲಿಗೂ ಬಂದಾಗ ಬ್ರಿಟನ್ನಿಗೆ ಪಾರಾದರು ಎಂಬುದಕ್ಕೆ ಒಂದು ಪ್ಯಾರಾ ಸಾಕು.

ಆಶ್ರಯ ಬೇಡಿ ಬಂದ ಶ್ವಿಟ್ಟರ್ಸ್ ಅವರನ್ನು ಬ್ರಿಟನ್ ಶತ್ರುದೇಶದವರೆಂದು ಐಲ್ ಆಫ್ ಮ್ಯಾನ್ ದ್ವೀಪದ ಹಚಿನ್ಸನ್ ಶಿಬಿರದಲ್ಲಿ ಕೂಡಿಹಾಕಿತು. ಅಲ್ಲಿ ಅವರು ಉಳಿದ ಓಟ್ಸ್ ಗಂಜಿಯನ್ನು ಸಂಗ್ರಹಿಸಿ ಶಿಲ್ಪ ಮಾಡಿದರು. ಅದು ಬೂಷ್ಟು ಹಿಡಿದು ನಾರುತ್ತಿತ್ತು. ನೀವು ಇದನ್ನೆಲ್ಲ ‘ಕಷ್ಟದಲ್ಲೂ ಕಲೆಯನ್ನು ಬಿಡಲಿಲ್ಲ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಸಾಲನ್ನು ಯಾವ ಕಲಾವಿದನ ಹೆಸರಿನ ಮುಂದೆ ಬೇಕಾದರೂ ಬರೆಯಬಹುದು, ಗಂಜಿಯನ್ನು ಹಾಗೆ ಬರೆಯಲಾಗದು. (ಸಂಪಾದಕನಾಗುವ ಮೊದಲು ನಾನೂ ಇಂಥ ಸಾಲುಗಳನ್ನು ಧಾರಾಳವಾಗಿ ಬರೆದವನೇ.)

1945ರಲ್ಲಿ ಇಂಗ್ಲೆಂಡಿನ ಸರೋವರ ಪ್ರದೇಶದ ಊರಾದ ಆಂಬಲ್‌ಸೈಡ್‌ಗೆ ಬಂದ ಮೇಲೆ ಅವರು ಹೊಟ್ಟೆಪಾಡಿಗಾಗಿ ಭಾವಚಿತ್ರಗಳನ್ನೂ ಬೆಟ್ಟ-ಸರೋವರಗಳ ಚಿತ್ರಗಳನ್ನೂ ಬರೆದು ಮಾರಿದ್ದನ್ನು ‘ಪತನ’ ಎಂದಿದ್ದೀರಿ. ನಾನು ಒಪ್ಪುವುದಿಲ್ಲ. ಹರಿದ ಟಿಕೆಟ್ಟು, ಪೊಟ್ಟಣದ ಕಾಗದಗಳನ್ನು ಅಂಟಿಸಿ ಕೊಲಾಜ್ ಮಾಡುತ್ತಿದ್ದ ಕೈಯೇ ಬಾಡಿಗೆಗಾಗಿ ಬೆಟ್ಟವನ್ನೂ ಬರೆಯಿತು. ಆ ಎರಡು ಕೆಲಸಗಳು ಒಂದೇ ದಿನದೊಳಗೆ ಹೇಗೆ ಜೊತೆಗಿದ್ದವು ಎಂಬುದನ್ನು ತೋರಿಸಿ.

ನಿಮ್ಮ ಲೇಖನದ ನಿಜವಾದ ಕೇಂದ್ರ ಕೊನೆಯ ಪುಟದಲ್ಲಿ ಅಡಗಿದೆ. ಹ್ಯಾನೋವರ್‌ನ ಮನೆಯೊಳಗೆ ವರ್ಷಗಟ್ಟಲೆ ಕಟ್ಟುತ್ತ ಬಂದಿದ್ದ, ಕೋಣೆಯನ್ನೇ ಶಿಲ್ಪವಾಗಿಸಿದ ‘ಮೆರ್ಟ್ಸ್‌ಬಾವ್’ ಎಂಬ ನಿರ್ಮಿತಿ 1943ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಮರುವರ್ಷ, ಜರ್ಮನಿಯಲ್ಲೇ ಉಳಿದಿದ್ದ ಪತ್ನಿ ತೀರಿಕೊಂಡರು. ಹಿಂದಿನ ನಿರ್ಮಿತಿಯನ್ನು ಮರಳಿ ಕಟ್ಟಲೆಂದು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ನೀಡಿದ 1,000 ಡಾಲರುಗಳನ್ನು ಅವರು 1947ರಲ್ಲಿ ಎಲ್ಟರ್‌ವಾಟರ್ ಬಳಿಯ ಕಲ್ಲಿನ ಕೊಟ್ಟಿಗೆಯೊಂದರಲ್ಲಿ ಹೊಸತನ್ನು ಆರಂಭಿಸಲು ಬಳಸಿದರು. ಅರವತ್ತರ ರೋಗಿಯೊಬ್ಬರು ಹಳೆಯದರ ಅವಶೇಷಕ್ಕೆ ಹಿಂದಿರುಗದೆ ಪರದೇಶದ ಕೊಟ್ಟಿಗೆಯ ಗೋಡೆಗೆ ಗಾರೆ ಮೆತ್ತಲು ಏಕೆ ನಿಂತರು? ಈ ಪ್ರಶ್ನೆಯನ್ನು ನೀವು ಕೇಳಿಕೊಂಡೇ ಇಲ್ಲ.

ಬ್ರಿಟಿಷ್ ಪೌರತ್ವದ ಪತ್ರ ತಲುಪಿದ ಮರುದಿನ, 1948ರ ಜನವರಿ 8ರಂದು, ಅವರು ನಿಧನರಾದರು. ಅದರ ಜೊತೆಗೆ ನೀವು ಬರೆದಿರುವ ‘ವಿಧಿಯ ಕ್ರೂರ ಹಾಸ್ಯ’ ಎಂಬ ಮಾತನ್ನು ದಯವಿಟ್ಟು ತೆಗೆದುಹಾಕಿ. ಅಪೂರ್ಣವಾಗಿ ಉಳಿದ ಆ ಗೋಡೆಯನ್ನು 1965ರಲ್ಲಿ ನ್ಯೂಕ್ಯಾಸಲ್‌ನ ಹ್ಯಾಟನ್ ಗ್ಯಾಲರಿಗೆ ಸಾಗಿಸಿದ ಸಂಗತಿ ನಿಮ್ಮಲ್ಲಿ ಬಿಟ್ಟುಹೋಗಿದೆ, ಸೇರಿಸಿ.

ಆರು ಪುಟ ಮೀರದಂತೆ, ಗಂಜಿಯಿಂದಲೇ ಆರಂಭಿಸಿ ಬರೆದು ಕಳುಹಿಸಿದರೆ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ