ಮಳೆಕಾಡಿನ ಚಾರಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಮಾರ್ಗದರ್ಶಕರೊಂದಿಗೆ ನಡೆಯುವುದರ ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಕುಟುಂಬದೊಂದಿಗೆ ಆಗುಂಬೆ ಸೀಮೆಯ ಕಾಡಿನಲ್ಲಿ ಇಡೀ ಹಗಲು ಮಾರ್ಗದರ್ಶಕರ ಜೊತೆ ನಡೆದೆವು. ಒಂದು ಕೆಂದಳಿಲು ಮತ್ತು ಕೆಲವು ಹಕ್ಕಿಗಳನ್ನು ಬಿಟ್ಟರೆ ಏನೂ ಕಾಣಲಿಲ್ಲ. ಬಂಡೀಪುರದಲ್ಲಿ ಜೀಪಿನಲ್ಲಿ ಕುಳಿತೇ ಆನೆ, ಕಾಟಿ, ಜಿಂಕೆಗಳನ್ನು ಹಿಂಡು ಹಿಂಡಾಗಿ ನೋಡಿದ್ದೆವು. ನಮ್ಮ ಮಾರ್ಗದರ್ಶಕರಿಗೆ ಅನುಭವ ಸಾಲದೆ ಹೀಗಾಯಿತೆ?
– ದಾವಣಗೆರೆಯ ಓದುಗರು

ಉತ್ತರ: ಇಲ್ಲ, ಅವರನ್ನು ದೂರಲು ಕಾರಣ ಕಾಣುವುದಿಲ್ಲ. ಬಂಡೀಪುರ ಎಲೆ ಉದುರಿಸುವ ಒಣಕಾಡು. ಅಲ್ಲಿ ಮರಗಳ ನಡುವೆ ಬೆಳಕು ನೆಲಕ್ಕೆ ಇಳಿಯುತ್ತದೆ, ಬೆಳಕಿದ್ದಲ್ಲಿ ಹುಲ್ಲು ಬೆಳೆಯುತ್ತದೆ, ಹುಲ್ಲಿದ್ದಲ್ಲಿ ಜಿಂಕೆಯ ಹಿಂಡು ಸೇರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಾಡಿನಲ್ಲಿ ಮರಗಳ ನೆತ್ತಿಗಳು ಒಂದಕ್ಕೊಂದು ಹೆಣೆದುಕೊಂಡು ಮೇಲ್ಛಾವಣಿಯಾಗಿರುವುದರಿಂದ ನೆಲಕ್ಕೆ ತಲುಪುವ ಬಿಸಿಲು ತೀರಾ ಅಲ್ಪ. ಎಲೆ, ಹೂವು, ಹಣ್ಣು, ಅವನ್ನು ತಿನ್ನುವ ಪ್ರಾಣಿಗಳು, ಎಲ್ಲವೂ ನಮ್ಮ ತಲೆಯ ಮೇಲೆ ಹತ್ತಾಳೆತ್ತರದಲ್ಲಿ ಬದುಕುತ್ತವೆ. ಸಿಂಗಳೀಕ ದಿನದ ಬಹುಭಾಗವನ್ನು ಕೊಂಬೆಗಳ ಮೇಲೆಯೇ ಕಳೆಯುತ್ತದೆ, ಮಂಗಟ್ಟೆ ಹಕ್ಕಿ ಹಣ್ಣಿನ ಮರದಿಂದ ಹಣ್ಣಿನ ಮರಕ್ಕೆ ಹಾರುತ್ತದೆ, ಹಾರುವ ಓತಿ ತೊಗಟೆಗೆ ಅಂಟಿ ಕುಳಿತರೆ ಪಳಗಿದ ಕಣ್ಣಿಗೂ ಬೇಗ ಸಿಗುವುದಿಲ್ಲ.

ಹೀಗಾಗಿ ಮಳೆಕಾಡಿನ ಮಾರ್ಗದರ್ಶಕರ ಕೆಲಸ ಪ್ರಾಣಿಯನ್ನು ಹುಡುಕಿ ಮುಂದೆ ನಿಲ್ಲಿಸುವುದಲ್ಲ. ಅವರು ಮೊದಲು ಕಿವಿಯಿಂದ ಕಾಡನ್ನು ಅರಿಯುತ್ತಾರೆ. ದೊಡ್ಡ ಮಂಗಟ್ಟೆ ಕಣ್ಣಿಗೆ ಬೀಳುವ ಮುಂಚೆಯೇ ಅದರ ರೆಕ್ಕೆಯ ಬುಸುಗುಟ್ಟುವ ಸದ್ದು ಕೇಳಿಸುತ್ತದೆ. ಕೆಂದಳಿಲು ಒಂದೇ ಸಮನೆ ಚಿಟಗುಟ್ಟಿದರೆ ಹತ್ತಿರದಲ್ಲಿ ಹದ್ದೋ ಚಿರತೆಯೋ ಇರಬಹುದೆಂದು ಅವರು ನಿಂತುಬಿಡುತ್ತಾರೆ. ಆಮೇಲೆ ನೆಲವನ್ನು ಓದುತ್ತಾರೆ: ಅರ್ಧ ಕಚ್ಚಿ ಎಸೆದ ಹಣ್ಣು, ಒಂದೇ ಮರದ ಬುಡದಲ್ಲಿ ರಾಶಿಬಿದ್ದ ಬೇರೆ ಬೇರೆ ಜಾತಿಯ ಬೀಜಗಳು, ಕಾಟಿಯ ಗೊರಸಿನ ಗುರುತು. ಉತ್ತರ ಕನ್ನಡದ ಶಿರಸಿ–ಹೊನ್ನಾವರದ ಕಾನುಗಳಲ್ಲಿ, ಅಂದರೆ ದಟ್ಟ ನಿತ್ಯಹರಿದ್ವರ್ಣ ಕಾಡುಗಳಲ್ಲಿ, ಉಪ್ಪಾಗೆ ಹಣ್ಣಾಗಿರುವ ಮರ ಯಾವುದೆಂದು ಬಲ್ಲವರಿಗೆ ಸಿಂಗಳೀಕದ ಗುಂಪು ಎಲ್ಲಿ ಬರಬಹುದೆಂಬ ಅಂದಾಜೂ ಇರುತ್ತದೆ. ಆ ಸೀಮೆಯಲ್ಲಿ 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಸುಮಾರು 300 ಚದರ ಕಿಲೋಮೀಟರ್ ವಿಸ್ತಾರವಾಗಿದೆ. ಅಷ್ಟು ಕಾಡಿನಲ್ಲಿ ಒಂದು ಗುಂಪನ್ನು ಹುಡುಕುವುದಕ್ಕೆ ಮರಗಳ ಪರಿಚಯಕ್ಕಿಂತ ದೊಡ್ಡ ಸಾಧನವಿಲ್ಲ.

ಮುಂದಿನ ಬಾರಿ ಹೋದಾಗ ನಡೆಯುವ ದೂರವನ್ನು ಅರ್ಧಕ್ಕೆ ಇಳಿಸಿ, ಹಣ್ಣಿರುವ ಒಂದು ಮರದ ಕೆಳಗೆ ಒಂದು ಗಂಟೆ ಮಾತಿಲ್ಲದೆ ಕೂರಿಸುವಂತೆ ಮಾರ್ಗದರ್ಶಕರನ್ನು ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಇಂಥ ಕಾಡಿನಲ್ಲಿ ಕುಳಿತವರಿಗೆ ಕಂಡಷ್ಟು ನಡೆದವರಿಗೆ ಕಂಡಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ನಕ್ಷೆ ಇರುವಾಗ, ದಾರಿಯೂ ಸ್ಪಷ್ಟವಾಗಿರುವಾಗ, ಅನುಮತಿ ಮತ್ತು ಮಾರ್ಗದರ್ಶಕರ ಕಡ್ಡಾಯ ಏಕೆ? ಇದು ಬರಿಯ ಹಣ ವಸೂಲಿಯಲ್ಲವೆ?
– ಬೆಂಗಳೂರಿನ ಓದುಗರು

ಉತ್ತರ: ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಪ್ರವೇಶಿಸುವುದೇ ಅಪರಾಧ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲುರಜೆಗೆ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಮಂದಿ ಸೇರಿದ ದೃಶ್ಯವನ್ನು ನೀವೂ ನೋಡಿರಬಹುದು. ಅದಾದ ಮೇಲೆ ಮುಂಗಡ ಕಾಯ್ದಿರಿಸುವಿಕೆ ಇಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ 'ಅರಣ್ಯ ವಿಹಾರ' ಎಂಬ ಜಾಲತಾಣವನ್ನು ತೆರೆದು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯನ್ನು ಅದರ ಮೂಲಕ ಜಾರಿಗೊಳಿಸಿತು. ಈ ಮಿತಿಯನ್ನು ನಾನು ಮನಃಪೂರ್ವಕ ಬೆಂಬಲಿಸುತ್ತೇನೆ. ಕಿರಿದಾದ ಕಾಲುದಾರಿಯಲ್ಲಿ ಸಾವಿರ ಜೋಡಿ ಕಾಲು ತುಳಿದಲ್ಲಿ ಮಣ್ಣು ಗಟ್ಟಿಯಾಗಿ, ಮುಂದಿನ ಮಳೆಗೆ ಆ ದಾರಿಯೇ ಕೊರಕಲು ಹಳ್ಳವಾಗುತ್ತದೆ.

ಇನ್ನು ಕ್ಷೇಮದ ಮಾತು. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರದ ದಾರಿ ಒಮ್ಮೆ ಶೋಲಾ ಎಂಬ, ಬೆಟ್ಟದ ಕಣಿವೆಗಳ ಕುಳ್ಳಮರದ ದಟ್ಟ ಕಾಡಿನ ಕತ್ತಲೆಯಲ್ಲೂ ಒಮ್ಮೆ ಬೋಳು ಹುಲ್ಲುಗಾವಲಿನಲ್ಲೂ ಹಾಯುತ್ತದೆ. ಹುಲ್ಲುಗಾವಲಿಗೆ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನವರು ಕಾಣುವುದಿಲ್ಲ. ಮೊಬೈಲಿನ ಸಂಕೇತ ಅಲ್ಲಿ ನೆಚ್ಚುವಂಥದ್ದಲ್ಲ. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ತೊರೆ ಮಧ್ಯಾಹ್ನದ ಮಳೆಗೆ ಎದೆಮಟ್ಟ ಏರುವುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಕಾಟಿ ದಾರಿಗೆ ಅಡ್ಡ ನಿಂತಾಗ ಎಷ್ಟು ಹೊತ್ತು ಕಾಯಬೇಕು, ಯಾವಾಗ ಹಿಂದೆ ಸರಿಯಬೇಕು, ಆನೆಯ ಲದ್ದಿ ಇನ್ನೂ ಬೆಚ್ಚಗಿದ್ದರೆ ಗುಂಪನ್ನು ಯಾವ ಕಡೆಗೆ ತಿರುಗಿಸಬೇಕು ಎಂಬ ತೀರ್ಮಾನಗಳು ಆ ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದವರಿಗೆ ಬರುತ್ತವೆ. ಕುದುರೆಮುಖದ ಹಳ್ಳಿಗಳಲ್ಲಿ ಮಲೆಕುಡಿಯರು ತಲೆಮಾರುಗಳಿಂದ ಬದುಕಿದ್ದಾರೆ. ಅವರಂಥ ಸ್ಥಳೀಯರು ಪಡೆಯುವ ಕೂಲಿಯನ್ನು ವಸೂಲಿ ಎನ್ನಲು ನನಗೆ ಮನಸ್ಸಿಲ್ಲ. ಕಾಡು ನಿಂತಿದ್ದರೆ ತಮ್ಮ ಮನೆಗೂ ಆದಾಯವುಂಟು ಎಂದು ಕಾಡಂಚಿನವರಿಗೆ ತೋರುವ ಕೆಲವೇ ಉದ್ಯೋಗಗಳಲ್ಲಿ ಇದೂ ಒಂದು.

ಪ್ರಶ್ನೆ: ಮಳೆಕಾಡನ್ನು ನೋಡಲು ಯಾವ ತಿಂಗಳು ಒಳ್ಳೆಯದು?
– ಹುಬ್ಬಳ್ಳಿಯ ಓದುಗರು

ಉತ್ತರ: ಬೆಟ್ಟ ಹತ್ತುವ ಆಸೆಯಿದ್ದರೆ ಅಕ್ಟೋಬರಿನಿಂದ ಜನವರಿಯವರೆಗೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದಲೂ ಜೋರು ಮಳೆಯಲ್ಲಿ ಅಪಾಯದಿಂದಲೂ ಇಲಾಖೆ ಹಲವು ದಾರಿಗಳನ್ನು ಮುಚ್ಚುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಜೀವಿಗಳನ್ನು ನೋಡುವ ಆಸೆಯಿದ್ದರೆ ನನ್ನ ಆಯ್ಕೆ ಬೇರೆ. ಮಳೆಗಾಲದ ಒಂದು ಸಂಜೆ, ಬೆಟ್ಟದ ಗೊಡವೆಗೆ ಹೋಗದೆ, ತಜ್ಞ ಮಾರ್ಗದರ್ಶಕರೊಂದಿಗೆ ತೊರೆಯೊಂದರ ಪಕ್ಕದ ಅನುಮತಿಯಿರುವ ಚಿಕ್ಕ ದಾರಿಯಲ್ಲಿ ಟಾರ್ಚ್ ಹಿಡಿದು ನಡೆಯಿರಿ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಹೊಸ ಜಾತಿಯೆಂದು ವಿವರಿಸಿದ ಕುಂಬಾರ ಕಪ್ಪೆ ಇಂಥ ತೊರೆಗಳ ಜೀವಿ. ನೀರಿನ ಮೇಲೆ ಬಾಗಿದ ಕಡ್ಡಿಗೆ ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ತೊರೆಯ ತಳದಿಂದ ಮುಂಗೈಗಳಲ್ಲಿ ಕೆಸರನ್ನು ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಸಿದ್ದಾಪುರ ಸೀಮೆಯ ಕತ್ತಲೆಕಾನಿನಲ್ಲಿ ರಾಮಪತ್ರೆ ಜಾತಿಯ ಮರಗಳು ಜೌಗಿನ ನಡುವೆ ಊರುಗಾಲುಗಳಂಥ ಬೇರುಗಳ ಮೇಲೆ ನಿಂತಿರುವ ಜಡ್ಡಿಗಳಿವೆ. ಉಸಿರಾಟಕ್ಕಾಗಿ ಮಂಡಿಯ ಹಾಗೆ ಕೆಸರಿನಿಂದ ಮೇಲೆದ್ದ ಬೇರುಗಳನ್ನು ಅಲ್ಲಿ ನೋಡಬಹುದು. ಇಂಥ ಜಡ್ಡಿಗಳು ಘಟ್ಟದಲ್ಲಿ ಅಲ್ಲಲ್ಲಿ ಚೂರುಚೂರಾಗಿ ಮಾತ್ರ ಉಳಿದಿರುವುದರಿಂದ ಅವುಗಳೊಳಗೆ ಇಳಿಯದೆ ಅಂಚಿನಿಂದಲೇ ನೋಡಬೇಕು. ಆಗುಂಬೆಯ ಕಾಡಿನಲ್ಲಿ ಮಳೆಗಾಲದ ರಾತ್ರಿ ಟಾರ್ಚ್ ಆರಿಸಿ ನಿಂತರೆ ಕೊಳೆತ ಕೊಂಬೆಗಳ ಮೇಲೆ ಹಸಿರಾಗಿ ಮಿನುಗುವ ಶಿಲೀಂಧ್ರವೂ ಕಾಣಿಸುತ್ತದೆ.

ಪ್ರಶ್ನೆ: ಹದಿಹರೆಯದ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಇಂಬಳದ ಕಾಟಕ್ಕೆ ಏನು ಮಾಡಬೇಕು? ಮಂಗನ ಕಾಯಿಲೆಯ ಸುದ್ದಿ ಓದಿ ಹೆದರಿಕೆಯೂ ಆಗಿದೆ.
– ಉಡುಪಿಯ ಓದುಗರು

ಉತ್ತರ: ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಇಂಬಳ ಮಳೆಗಾಲದ ಕಿರಿಕಿರಿ, ಅಷ್ಟೆ. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಸೇರಿಸುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಗಾಬರಿಯಾಗದೆ ತೊಳೆದು ಒತ್ತಿ ಹಿಡಿದರೆ ಸಾಕು. ಒತ್ತಾಗಿ ನೇಯ್ದ, ಮೊಣಕಾಲಿನವರೆಗೆ ಬರುವ ಇಂಬಳದ ಕಾಲುಚೀಲ ಧರಿಸಿ. ಕಚ್ಚಿ ಹಿಡಿದ ಇಂಬಳಕ್ಕೆ ಉಪ್ಪು ಸುರಿಯುವುದಾಗಲಿ ಬೆಂಕಿ ತಾಗಿಸುವುದಾಗಲಿ ಬೇಡ. ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಾರಬಹುದು. ಬಾಯಿ ಅಂಟಿದ ಕಡೆಗೆ ಉಗುರನ್ನು ಜಾರಿಸಿ ಬಿಡಿಸಿ.

ಮಂಗನ ಕಾಯಿಲೆಯನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ವೈರಾಣು ಜ್ವರ ಉಣುಗಿನ ಕಡಿತದಿಂದ ಹರಡುತ್ತದೆ. ಇಂಬಳದಂತೆ ಉಣುಗು ಮಳೆಗಾಲದ ಕಾಟವಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣದಿನಗಳಲ್ಲಿ, ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕ ಮರಿ ಉಣುಗುಗಳು ತರಗೆಲೆಯಲ್ಲಿ ಹೆಚ್ಚಿರುವಾಗ, ಕಾಯಿಲೆ ಕಾಣಿಸಿಕೊಳ್ಳುತ್ತದೆ. ಚಾರಣಕ್ಕೆ ಹಿತವೆನಿಸುವ ಡಿಸೆಂಬರ್, ಜನವರಿ ತಿಂಗಳುಗಳೂ ಅದರಲ್ಲೇ ಬರುವುದರಿಂದ ಎಚ್ಚರ ತಪ್ಪಬಾರದು. ಹೊರಡುವ ಮುನ್ನ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸುತ್ತಮುತ್ತ ಮಂಗಗಳು ಸತ್ತ ವರದಿಯಿದ್ದರೆ ಆ ದಾರಿಯನ್ನು ಬಿಟ್ಟುಬಿಡಿ. ಮೈತುಂಬ ಬಟ್ಟೆ ಧರಿಸಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಹಂಚುವ ಡೆಪಾ ತೈಲದಂಥ ಉಣುಗು ನಿವಾರಕವನ್ನು ಹಚ್ಚಿಕೊಳ್ಳಿ. ಮಕ್ಕಳು ತರಗೆಲೆಯ ಮೇಲೆ ನೇರವಾಗಿ ಕೂರದಿರಲಿ. ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ, ಬಟ್ಟೆಗಳನ್ನು ಬಿಸಿನೀರಿನಲ್ಲೇ ಒಗೆಯಿರಿ. ಚಾರಣದ ನಂತರದ ದಿನಗಳಲ್ಲಿ ಹಠಾತ್ತನೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿಗೆ ನಿಲ್ಲದೆ ವೈದ್ಯರ ಬಳಿ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ನೀವಾಗಿಯೇ ಹೇಳಿ. ಊರಿನ ವೈದ್ಯರಿಗೆ ಆ ಒಂದು ಮಾತಿನಿಂದಲೇ ಸುಳಿವು ಸಿಗುತ್ತದೆ.

ಪ್ರಶ್ನೆ: ನಾನು ಹವ್ಯಾಸಿ ಛಾಯಾಗ್ರಾಹಕ. ದಾಂಡೇಲಿ ಕಡೆಯ ಚಾರಣವೊಂದರಲ್ಲಿ ಮಂಗಟ್ಟೆಯ ಗೂಡಿನ ಹತ್ತಿರ ಹೋಗಲು ಮಾರ್ಗದರ್ಶಕರು ಬಿಡಲಿಲ್ಲ. ಹಕ್ಕಿಯನ್ನು ಕರೆಯಲು ಧ್ವನಿಮುದ್ರಣ ನುಡಿಸುವುದಕ್ಕೂ ಒಪ್ಪಲಿಲ್ಲ. ಇಷ್ಟು ಕಟ್ಟುನಿಟ್ಟು ಬೇಕೆ?
– ಮೈಸೂರಿನ ಓದುಗರು

ಉತ್ತರ: ಬೇಕು. ಅಂಥ ಮಾರ್ಗದರ್ಶಕರು ಸಿಕ್ಕಿದ್ದು ನಿಮ್ಮ ಭಾಗ್ಯ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ, ಬಾಗಿಲನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಬಿಟ್ಟುಕೊಂಡಿರುತ್ತದೆ. ಒಳಗಿರುವಾಗ ಅದರ ಹಾರುವ ಗರಿಗಳು ಉದುರಿಹೋಗುವುದರಿಂದ ವಾರಗಟ್ಟಲೆ ಅದರ ಜೀವವೂ ಮರಿಗಳ ಜೀವವೂ ಗಂಡು ತರುವ ಹಣ್ಣಿನ ಮೇಲೆ ನಿಂತಿರುತ್ತವೆ. ಗೂಡಿನ ಬುಡದಲ್ಲಿ ಮನುಷ್ಯರು ನಿಂತಿದ್ದರೆ ಗಂಡು ದೂರದ ಮರದಲ್ಲೇ ಹಣ್ಣು ಹಿಡಿದು ಕಾಯುತ್ತದೆ. ನೀವು ಒಳ್ಳೆಯ ಚಿತ್ರಕ್ಕೆ ಕಾದಷ್ಟು ಹೊತ್ತೂ ಒಳಗಿರುವವರಿಗೆ ಉಪವಾಸ. ಧ್ವನಿಮುದ್ರಣದ ವಿಷಯವೂ ಅಷ್ಟೆ: ಇಲ್ಲದ ಎದುರಾಳಿಯನ್ನು ಹುಡುಕುತ್ತ ಹಕ್ಕಿ ಗೂಡನ್ನೂ ಆಹಾರವನ್ನೂ ಬಿಟ್ಟು ಬರುತ್ತದೆ.

ಕಾಳಿಂಗ ಸರ್ಪದ ಚಿತ್ರಕ್ಕಾಗಿ ಆಗುಂಬೆಗೆ ಹೋಗುವವರಿಗೂ ಈ ಮಾತು ಸಲ್ಲುತ್ತದೆ. ಪಶ್ಚಿಮ ಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ವಿವರಿಸಿದ ಮೇಲೆ ಅದರ ಮೇಲಿನ ಕುತೂಹಲ ಹೆಚ್ಚಿದೆ. ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ ಕಾಯುವ ಹೆಣ್ಣನ್ನು ಎಬ್ಬಿಸಿ ಚಿತ್ರ ತೆಗೆಸುವ ಮಾರ್ಗದರ್ಶಕರ ಜೊತೆ ಹೋಗಬೇಡಿ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಹಾವಿನ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಮಂಡಲದ ಹಾವು, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕಾಗಿ ತಯಾರಿಸಲಾಗುತ್ತದೆ; ಕಾಳಿಂಗವಾಗಲಿ ಮಳೆಕಾಡಿನ ಗುಳಿಮಂಡಲಗಳಾಗಲಿ ಆ ಪಟ್ಟಿಯಲ್ಲಿಲ್ಲ. ಗುಳಿಮಂಡಲ ದಾರಿಬದಿಯ ತಗ್ಗು ಕೊಂಬೆಯಲ್ಲಿ ಅಲುಗಾಡದೆ ಕುಳಿತಿರುವುದುಂಟು. ಆದ್ದರಿಂದ ಇಳಿಜಾರಿನಲ್ಲಿ ಆಸರೆಗೆ ಕೊಂಬೆ ಹಿಡಿಯುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಅರವತ್ತೈದು ದಾಟಿದ ತಂದೆತಾಯಿಯನ್ನು ಕರೆದೊಯ್ಯಬಹುದೆ?
– ಬೆಳಗಾವಿಯ ಓದುಗರು

ಉತ್ತರ: ಖಂಡಿತ. ಶಿಖರದ ದಾರಿಗಳನ್ನು ಬಿಟ್ಟು, ಸಮತಟ್ಟಾದ ಕಾನಿನೊಳಗಿನ ಎರಡು ಮೂರು ಕಿಲೋಮೀಟರಿನ ನಡಿಗೆಯನ್ನು ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಊರುಗೋಲು ಮತ್ತು ಹಿಡಿತವಿರುವ ಪಾದರಕ್ಷೆ ಅಗತ್ಯ. ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರುವುದೇ ಮಳೆಕಾಡಿನಲ್ಲಿ ಹಿರಿಯರಿಗೆ ಎದುರಾಗುವ ಮುಖ್ಯ ಅಪಾಯ.

ಪ್ರಶ್ನೆ: ಕಳಸದ ಹತ್ತಿರದ ಹಳ್ಳಿಯ ಯುವಕ ನಾನು. ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸ ಆಗಾಗ ಮಾಡಿದ್ದೇನೆ. ಒಳ್ಳೆಯ ನಿಸರ್ಗ ಮಾರ್ಗದರ್ಶಕನಾಗಲು ಏನು ಕಲಿಯಬೇಕು?
– ಚಿಕ್ಕಮಗಳೂರು ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುವ ಮರ, ಹಣ್ಣು, ಹಕ್ಕಿಗಳ ಹೆಸರುಗಳಿಂದ ಶುರುಮಾಡಿ. ಅವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಪಕ್ಕದಲ್ಲಿ ವೈಜ್ಞಾನಿಕ ಹೆಸರನ್ನು ಒಂದೊಂದಾಗಿ ತುಂಬುತ್ತ ಹೋಗಿ. ಹೊರಗಿನಿಂದ ಬಂದ ತಜ್ಞರಿಗೆ ಎರಡನೆಯದು ಗೊತ್ತಿರುತ್ತದೆ, ಮೊದಲನೆಯದು ನಿಮ್ಮಲ್ಲಿ ಮಾತ್ರ ಇದೆ. ಪ್ರಥಮ ಚಿಕಿತ್ಸೆಯನ್ನು ಕ್ರಮವಾಗಿ ಕಲಿಯಿರಿ. ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಂಡು, ಮಾರ್ಗದರ್ಶಕರ ತರಬೇತಿ ನಡೆಯುವಾಗ ತಿಳಿಸುವಂತೆ ಕೇಳಿಕೊಳ್ಳಿ.

ಗುಂಪು ದೊಡ್ಡದಾದರೆ, ಅಥವಾ ಜೊತೆಗೆ ಮದ್ಯ ತಂದವರಿದ್ದರೆ, ಹಣ ಹೋದರೂ ಬೇಡವೆನ್ನುವ ಧೈರ್ಯವನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಎಂಟು ಜನರಿಗಿಂತ ಹೆಚ್ಚಿದ್ದರೆ ಹಿಂದಿನವರಿಗೆ ನಿಮ್ಮ ಮಾತು ಕೇಳುವುದಿಲ್ಲ. ಅವರು ತಮ್ಮತಮ್ಮಲ್ಲೇ ಮಾತಾಡಲು ತೊಡಗುತ್ತಾರೆ, ಆ ಸದ್ದಿಗೆ ಮುಂದಿನವರಿಗೂ ಏನೂ ಕಾಣುವುದಿಲ್ಲ. ಮತ್ತು ಹಲವು ದಾರಿಗಳನ್ನು ಒಟ್ಟಿಗೆ ಕಲಿಯಲು ಹೋಗಬೇಡಿ. ಒಂದೇ ದಾರಿಯನ್ನು ಆರಿಸಿ, ಒಂದು ವರ್ಷ ಪೂರ್ತಿ, ಪ್ರವಾಸಿಗರಿಲ್ಲದ ದಿನಗಳಲ್ಲೂ ಅಲ್ಲಿ ನಡೆದು, ಯಾವ ಮರ ಯಾವ ವಾರದಲ್ಲಿ ಹೂಬಿಟ್ಟಿತು, ಹಣ್ಣಾಯಿತು, ಯಾರು ಬಂದು ತಿಂದರು ಎಂಬುದನ್ನು ದಿನಾಂಕದೊಂದಿಗೆ ಗುರುತು ಹಾಕಿಕೊಳ್ಳಿ. ಎರಡನೆಯ ವರ್ಷ ಅದೇ ದಾರಿಯಲ್ಲಿ ಜನರನ್ನು ಎಲ್ಲಿ ನಿಲ್ಲಿಸಬೇಕೆಂಬುದು ಆ ಪುಸ್ತಕದಿಂದಲೇ ನಿಮಗೆ ತಿಳಿಯುತ್ತದೆ.