ಗಂಡುಪಾದಕ್ಕೆ ಹೈಹೀಲ್ಸ್: ನೀವು ಕೇಳಿದಿರಿ

ಎತ್ತರದ ಹೀಲ್ಸ್, ದುಬಾರಿ ಡಿಸೈನರ್ ಶೂಗಳ ಒಲವಿರುವ ಗಂಡಸರು ಬರೆದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಯುರೋಪಿಯನ್ ಅಳತೆಯಲ್ಲಿ ನನ್ನದು 43. ಹೆಂಗಸರ ಪಂಪ್ಸ್‌ನಲ್ಲೂ (ಪಟ್ಟಿ, ಲೇಸ್ ಇಲ್ಲದ ಹೀಲ್ಸ್ ಶೂ) 43 ತರಿಸಿದೆ. ಕಿರುಬೆರಳು ನುಜ್ಜುಗುಜ್ಜು, ಹಿಂದೆ ನೋಡಿದರೆ ಹೆಜ್ಜೆಹೆಜ್ಜೆಗೂ ಕಳಚಿಕೊಳ್ಳುತ್ತದೆ. 44 ತೆಗೆದುಕೊಳ್ಳಲೇ?

ಉತ್ತರ: ಬೇಡ. ಎರಡು ತೊಂದರೆಯೂ ಹೆಚ್ಚಾದೀತು. ಹೀಲ್ಸ್‌ನೊಳಗೆ ಪಾದ ಇಳಿಜಾರಿನಲ್ಲಿರುತ್ತದೆ. ಹಿಡಿತ ಸಾಲದಿದ್ದರೆ ಮುಂದಕ್ಕೆ ಜಾರಿ ಚೂಪು ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದೆ ಜಾರಿದಷ್ಟೂ ಹಿಂದೆ ಸಡಿಲ. ಸೈಜ್ ಏರಿಸಿದರೆ ಜಾರಲು ಇನ್ನಷ್ಟು ಜಾಗ ಮಾಡಿಕೊಟ್ಟಂತೆ.

ಯುರೋಪಿಯನ್ ನಂಬರ್ ಗಂಡಸರಿಗೂ ಹೆಂಗಸರಿಗೂ ಒಂದೇ, ಒಂದು ನಂಬರಿಗೆ 6.67 ಮಿ.ಮೀ. ಉದ್ದ. (ಅಮೆರಿಕನ್ ಅಳತೆಯಲ್ಲಿ ಹಾಗಲ್ಲ, ಅಲ್ಲಿ ಹೆಂಗಸರ ನಂಬರು ಗಂಡಸರದಕ್ಕಿಂತ ಸುಮಾರು ಒಂದೂವರೆ ಹೆಚ್ಚು.) ಬೇರೆಯಾಗುವುದು ಲಾಸ್ಟ್, ಅಂದರೆ ಶೂ ಕಟ್ಟುವ ಅಚ್ಚು. ಹೆಂಗಸರ ಲಾಸ್ಟ್ ಸಾಮಾನ್ಯವಾಗಿ ಬೆರಳ ಬುಡದಲ್ಲೂ ಹಿಮ್ಮಡಿಯಲ್ಲೂ ಕಿರಿದು. ಆದ್ದರಿಂದ ಉದ್ದವೊಂದನ್ನೇ ನೋಡಿ ಕೊಂಡರೆ ಮೋಸ ಹೋಗುತ್ತೀರಿ.

ಸಂಜೆ ಹೊತ್ತು, ಪಾದ ತುಸು ಊದಿಕೊಂಡಿರುವಾಗ, ಕಾಗದದ ಮೇಲೆ ಪೂರ್ತಿ ಭಾರ ಹಾಕಿ ನಿಂತು ಎರಡೂ ಪಾದ ಅಳೆಯಿರಿ. ದೊಡ್ಡ ಪಾದದ ಸೆಂಟಿಮೀಟರಿಗೆ 1.5 ಕೂಡಿಸಿ, 1.5ರಿಂದ ಗುಣಿಸಿ. 27 ಸೆಂ.ಮೀ. ಪಾದಕ್ಕೆ 42.75 ಬರುತ್ತದೆ, 43 ಸರಿ. ಆಮೇಲೆ ಹೆಬ್ಬೆರಳ ಗಿಣ್ಣು, ಕಿರುಬೆರಳ ಗಿಣ್ಣು ಎರಡನ್ನೂ ಬಳಸಿ ಟೇಪ್ ಸುತ್ತಿ ಸುತ್ತಳತೆ ತೆಗೆಯಿರಿ. ತರಿಸುವ ಮುನ್ನ ಮಾರುವವರನ್ನು ಕೇಳಬೇಕಾದ್ದು ಈ ಅಳತೆಯನ್ನು.

ಈಗಾಗಲೇ ಕೊಂಡ ಜೋಡಿ ನಿಜವಾದ ಚರ್ಮದ್ದಾದರೆ, ಸ್ಟ್ರೆಚಿಂಗ್ ಸ್ಪ್ರೇ ಹೊಡೆದು, ಶೂ ಹಿಗ್ಗಿಸುವ ಸ್ಟ್ರೆಚರ್ ಹಾಕಿ, ದಿನಕ್ಕೆ ಸ್ವಲ್ಪಸ್ವಲ್ಪವೇ ತಿರುಗಿಸಿ ಎರಡು ಮೂರು ದಿನ ಬಿಟ್ಟರೆ ಅಗಲದಲ್ಲಿ ಕೆಲವು ಮಿಲಿಮೀಟರ್ ಸಿಗುತ್ತದೆ. ಉದ್ದ ಸಿಗುವುದಿಲ್ಲ. ಪೇಟೆಂಟ್ ಲೆದರ್ (ಹೊಳಪು ಲೇಪವಿರುವ ಚರ್ಮ) ಹಿಗ್ಗುವುದು ಕಡಿಮೆ, ಜಗ್ಗಿದರೆ ಮೇಲಿನ ಹೊಳಪು ಬಿರಿಯುತ್ತದೆ. ಜಾರುವುದನ್ನು ತಡೆಯಲು ತೆಳು ಪ್ಯಾಡ್ ಅಂಟಿಸಿ. ಉಬ್ಬುಪ್ಯಾಡ್ ಆದರೆ ಅದರ ಜಾಗ ಬೆರಳ ಬುಡದ ಮೂಳೆಯುಬ್ಬುಗಳ ಕೆಳಗಲ್ಲ, ಅವುಗಳ ತುಸು ಹಿಂದೆ. ಹೆಚ್ಚಿನವರು ತಪ್ಪುವುದು ಇಲ್ಲೇ: ನೋಯುವ ಜಾಗಕ್ಕೇ ಅಂಟಿಸಿ, ನೋವು ಹೆಚ್ಚಿಸಿಕೊಳ್ಳುತ್ತಾರೆ. ಮುಂದಿನ ಸಲ ಪಂಪ್ಸ್ ಬಿಟ್ಟು ಹರಡಿನ ಬಳಿ ಪಟ್ಟಿ ಇರುವುದನ್ನೋ ಆಂಕಲ್ ಬೂಟನ್ನೋ ನೋಡಿ. ಅವು ಪಾದವನ್ನು ಹಿಂದಕ್ಕೆ ಹಿಡಿದಿಡುತ್ತವೆ.

ಪ್ರಶ್ನೆ: ಮೊದಲ ಜೋಡಿಗೆ ಎಷ್ಟು ಎತ್ತರ ಸೂಕ್ತ?

ಉತ್ತರ: 4ರಿಂದ 5 ಸೆಂ.ಮೀ., ಅಗಲವಾದ ಬ್ಲಾಕ್ ಹೀಲ್. ಗಂಡಸರ ಕ್ಯೂಬನ್ ಹೀಲ್ (ಕೆಳಗೆ ತುಸು ಕಿರಿದಾಗುವ ದಪ್ಪ ಹೀಲ್) ಬೂಟುಗಳು ಹೆಚ್ಚುಕಡಿಮೆ ಈ ಎತ್ತರದವೇ, ಲಾಸ್ಟ್ ಕೂಡ ನಿಮ್ಮ ಪಾದದ್ದು.

ಉದ್ದ ಪಾದದವರಿಗೆ ಒಂದು ಲಾಭವಿದೆ. ಕಾಲಿಗೆ ತಟ್ಟುವುದು ಎತ್ತರಕ್ಕಿಂತ ಹೆಚ್ಚಾಗಿ ಇಳಿಜಾರಿನ ಕೋನ. ಹಿಮ್ಮಡಿಯಿಂದ ಬೆರಳ ಬುಡದವರೆಗಿನ ದೂರ ಪಾದದ ಉದ್ದದ ಸುಮಾರು 70 ಶೇಕಡಾ ಎಂದಿಟ್ಟುಕೊಳ್ಳಿ. 23.5 ಸೆಂ.ಮೀ. ಪಾದಕ್ಕೆ 10 ಸೆಂ.ಮೀ. ಹೀಲ್ ಹಾಕಿದರೆ ಕೋನ ಸುಮಾರು 37 ಡಿಗ್ರಿ, 27 ಸೆಂ.ಮೀ. ಪಾದಕ್ಕೆ ಅದೇ ಹೀಲ್ 32 ಡಿಗ್ರಿ. ಮುಂಭಾಗದಲ್ಲಿ ಪ್ಲಾಟ್‌ಫಾರ್ಮ್ (ದಪ್ಪನೆಯ ಅಟ್ಟೆ) ಇದ್ದರೆ ಅದರ ದಪ್ಪವನ್ನು ಕಳೆದು ಲೆಕ್ಕ ಹಾಕಿ. 12 ಸೆಂ.ಮೀ. ಹೀಲ್, 3 ಸೆಂ.ಮೀ. ಪ್ಲಾಟ್‌ಫಾರ್ಮ್ ಎಂದರೆ ಕಾಲಿಗೆ 9ರ ಇಳಿಜಾರು. ಆದರೆ ದಪ್ಪ ಪ್ಲಾಟ್‌ಫಾರ್ಮ್ ಮಡಚುವುದಿಲ್ಲ, ನೆಲದ ಏರುತಗ್ಗು ಪಾದಕ್ಕೆ ತಿಳಿಯುವುದೂ ಇಲ್ಲ. ಹರಡು ಉಳುಕುವುದು ಹಾಗೆಯೇ.

ಮೊದಲು ಮನೆಯೊಳಗೆ 20 ನಿಮಿಷ. ಹೆಜ್ಜೆ ಚಿಕ್ಕದಿರಲಿ, ಹಿಮ್ಮಡಿ ತಾಗಿದ ಬೆನ್ನಿಗೇ ಮುಂಭಾಗವೂ ತಾಗಲಿ. ಮಂಡಿ ಬಗ್ಗಿಸಿಕೊಂಡೇ ನಡೆಯುತ್ತಿದ್ದೀರಿ ಎಂದರೆ ಹೀಲ್ ನಿಮಗೆ ಎತ್ತರವಾಯಿತು. ಕಳಚಿದ ಮೇಲೆ ಗೋಡೆಗೆ ಕೈಯೂರಿ ಮೀನಖಂಡ ಎಳೆಯಿರಿ: ಹಿಂದಿನ ಮಂಡಿ ನೇರವಾಗಿಟ್ಟು 30 ಸೆಕೆಂಡ್ ಮೂರು ಸಲ, ಬಗ್ಗಿಸಿ ಮತ್ತೆ ಮೂರು ಸಲ. ಮೂರನೆಯ ಮತ್ತು ನಾಲ್ಕನೆಯ ಬೆರಳ ನಡುವೆ ಉರಿ, ಜೋಮು ಬಂದರೆ ಅದು ಅಭ್ಯಾಸದಿಂದ ಹೋಗುವ ನೋವಲ್ಲ, ನರ ಒತ್ತಿಹೋಗುತ್ತಿರಬಹುದು. ಮುಂಭಾಗ ಅಗಲವಿರುವ ಶೂಗೆ ಬದಲಿಸಿ. ಆಗಲೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನನ್ನ ತೂಕ 90 ಕೆ.ಜಿ. ಸ್ಟಿಲೆಟ್ಟೊ (ಕಡ್ಡಿಯಂಥ ತೆಳು ಹೀಲ್) ತಾಳುತ್ತದೆಯೇ? ಹೀಲ್‌ನ ತುದಿ ಬಹಳ ಬೇಗ ಸವೆಯುತ್ತಿದೆ.

ಉತ್ತರ: ಒಳ್ಳೆಯ ಸ್ಟಿಲೆಟ್ಟೊ ಒಳಗೆ ಉಕ್ಕಿನ ಕೊಳವೆ ಇರುತ್ತದೆ, ಕಡ್ಡಿ ಮುರಿಯುವುದು ಅಪರೂಪ. ಸೋಲುವುದು ಬೇರೆ ಮೂರು ಜಾಗ.

ಒಂದು, ತುದಿ. ಅದರ ವಿಸ್ತೀರ್ಣ ಹೆಚ್ಚೆಂದರೆ ಒಂದು ಚದರ ಸೆಂಟಿಮೀಟರ್ ಆಸುಪಾಸು. ಪೂರ್ತಿ ಭಾರ ಒಂದೇ ಹಿಮ್ಮಡಿಗೆ ಬಿದ್ದ ಕ್ಷಣ ಅಷ್ಟೇ ಜಾಗದ ಮೇಲೆ 90 ಕೆ.ಜಿ. ಅದೇ ಭಾರ 5×5 ಸೆಂ.ಮೀ. ಬ್ಲಾಕ್ ಹೀಲ್‌ನಲ್ಲಿ ಚದರ ಸೆಂಟಿಮೀಟರಿಗೆ 3.6 ಕೆ.ಜಿ. ಮಾತ್ರ. ಹಾಗಾಗಿ ಬೇಗ ಸವೆಯುವುದು ಸಹಜ. ಕಿವಿ ಕೊಡಿ: ಮಂದವಾಗಿದ್ದ ಟಪ್ ಸದ್ದು ಟಣ್ ಎಂದಾದರೆ ಒಳಗಿನ ಲೋಹದ ಪಿನ್ ನೆಲ ಮುಟ್ಟಿದೆ. ಆಮೇಲೂ ನಡೆದರೆ ಕಡ್ಡಿಯ ಅಂಚೇ ತೇದುಹೋಗಿ ಹೊಸ ತುದಿ ಸಮನಾಗಿ ಕೂರದು. ತುದಿಯ ದಪ್ಪ 2 ಮಿ.ಮೀ.ಗೆ ಇಳಿಯುವ ಹೊತ್ತಿಗೇ ಬದಲಿಸಿ, ಎರಡೂ ಕಾಲಿನದು ಒಟ್ಟಿಗೆ. ಹಳೆಯ ತೂತು ಸಡಿಲಾಗಿದ್ದರೆ ಒಂದು ಅಳತೆ ದಪ್ಪನೆಯ ಪಿನ್ ಇರುವ ತುದಿ ಹಾಕಿಸಿ. ಬರೀ ಗೋಂದು ನಿಲ್ಲುವುದಿಲ್ಲ.

ಎರಡು, ಹೀಲ್ ಶೂಗೆ ಸೇರುವ ಜಾಗ. ಒಳಗಿನಿಂದ ಒಂದು ಸ್ಕ್ರೂ, ಸುತ್ತ ಮೊಳೆ. ತುದಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿದಾಗ ಸೇರುವಲ್ಲಿ ಕೂದಲೆಳೆಯಷ್ಟು ಗೆರೆ ಬಿಟ್ಟುಕೊಂಡರೂ ಹಾಕಬೇಡಿ. ರಿಪೇರಿಯವರು ಒಳಹಾಸು ಎತ್ತಿ ಸ್ಕ್ರೂ ಬಿಗಿ ಮಾಡಿ ಹೊಸ ಮೊಳೆ ಹೊಡೆದರೆ ಸರಿಹೋಗುತ್ತದೆ.

ಮೂರು, ಶ್ಯಾಂಕ್. ಅಂಗಾಲಿನ ಕಮಾನಿನ ಕೆಳಗಿರುವ ಉಕ್ಕಿನ ಪಟ್ಟಿ. ಶೂ ಮೇಜಿನ ಮೇಲಿಟ್ಟು ಹಿಮ್ಮಡಿ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಹೀಲ್ ತುದಿ ಹಿಂದಕ್ಕೆ ಸರಿದರೆ ಪಟ್ಟಿ ಬಾಗಿದೆ ಅಥವಾ ಮುರಿದಿದೆ. ಸೆಕೆಂಡ್ ಹ್ಯಾಂಡ್ ಡಿಸೈನರ್ ಜೋಡಿ ಕೊಳ್ಳುವಾಗ ಲೋಗೋಗಿಂತ ಮೊದಲು ಇದನ್ನು ನೋಡಿ.

ಪ್ರಶ್ನೆ: ಫ್ರೆಂಚ್ ಡಿಸೈನರ್ ಲೂಬುಟಾನ್‌ನ ಶೂಗಳ ಕೆಂಪು ಅಟ್ಟೆ ಉಳಿಸಿಕೊಳ್ಳುವುದು ಹೇಗೆ? ಹಾಕದೆ ಡಬ್ಬಿಯಲ್ಲೇ ಇಟ್ಟರೆ ಕ್ಷೇಮವೇ?

ಉತ್ತರ: ಆ ಕೆಂಪು ಚರ್ಮದ ಮೇಲಿನ ಬಣ್ಣದ ಲೇಪ. ಮೊದಲ ದಿನವೇ ಬೆರಳ ಬುಡದ ಕೆಳಗೆ ಏಳುತ್ತದೆ. ಹಾಕುವ ಮುಂಚೆಯೇ ಸುಮಾರು 1 ಮಿ.ಮೀ. ದಪ್ಪದ ಕೆಂಪು ರಬ್ಬರ್ ಅರ್ಧ ಅಟ್ಟೆ ಅಂಟಿಸಿ. ಕಮಾನಿನ ಕೆಂಪು ಹಾಗೇ ಕಾಣುತ್ತಿರುತ್ತದೆ, ಜಾರುವುದೂ ನಿಲ್ಲುತ್ತದೆ. ಅಂಟಿಸುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಬೇಕು, ಇಲ್ಲವಾದರೆ ನುಣುಪು ಲೇಪದಿಂದ ರಬ್ಬರ್ ಕಿತ್ತುಬರುತ್ತದೆ. ಉಜ್ಜಿದ ಮೇಲೆ ಅದು ಮರುಮಾರಾಟಕ್ಕೆ 'ಹೊಚ್ಚಹೊಸದು' ಅಲ್ಲ. ಹಾಕುವುದೋ ಕೂಡಿಡುವುದೋ ಮೊದಲೇ ತೀರ್ಮಾನಿಸಿ.

ಡಬ್ಬಿಯಲ್ಲಿಟ್ಟ ಮಾತ್ರಕ್ಕೆ ಎಲ್ಲವೂ ಕ್ಷೇಮವಲ್ಲ. ಪಾಲಿಯುರೆಥೇನ್ ಅಟ್ಟೆ ಗಾಳಿಯ ತೇವದಿಂದಲೇ ವರ್ಷಗಳಲ್ಲಿ ಕೊಳೆತು, ಒಂದು ದಿನ ಹಾಕಿದಾಗ ರಸ್ಕಿನಂತೆ ಪುಡಿಯಾಗುತ್ತದೆ. ಚರ್ಮದ ಅಟ್ಟೆಗೆ ಆ ಭಯವಿಲ್ಲ. ಪೇಟೆಂಟ್ ಲೆದರನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿದರೆ ಅಕ್ಷರದ ಶಾಯಿ ಹೀರಿಕೊಳ್ಳುತ್ತದೆ. ಪಕ್ಕದ ಕಪ್ಪು ಶೂ ತಾಗಿದರೂ ಕಲೆ, ಅದು ಹೋಗುವುದು ಕಷ್ಟ. ಬಿಳಿ ಟಿಶ್ಯೂ, ಒಂದೊಂದು ಕಾಲಿಗೂ ಪ್ರತ್ಯೇಕ ಬಟ್ಟೆ ಚೀಲ, ಒಂದು ಪೊಟ್ಟಣ ಸಿಲಿಕಾ ಜೆಲ್. ಹಾಕುವ ಜೋಡಿಯಾದರೆ ಒಂದು ದಿನ ಹಾಕಿ ಒಂದು ದಿನ ಬಿಡಿ, ಬೆವರು ಒಣಗಬೇಕು.

ಪ್ರಶ್ನೆ: ಇದೆಲ್ಲ ಹೆಂಗಸರ ವಸ್ತು ಎನ್ನುತ್ತಾರಲ್ಲ?

ಉತ್ತರ: ಕುದುರೆ ಸವಾರರ ವಸ್ತು. ಪರ್ಷಿಯಾದ ಸವಾರರಿಗೆ ರಿಕಾಪಿನಲ್ಲಿ (ಜೀನಿನಿಂದ ಇಳಿಬಿಟ್ಟ ಕಾಲುಮೆಟ್ಟು) ಕಾಲು ಜಾರದಿರಲು ಹೀಲ್ ಬೇಕಿತ್ತು. ಯುರೋಪಿನ ಗಂಡಸರು ಅದನ್ನು ಹಿಡಿದದ್ದು 1600ರ ಸುಮಾರಿಗೆ. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಚಿತ್ರವನ್ನು ಕಲಾವಿದ ರಿಗೋ 1701ರಲ್ಲಿ ಬರೆದ. ಅದರಲ್ಲಿ ದೊರೆಯ ಕಾಲ ಕಡೆ ನೋಡಿ: ಬಿಳಿ ಶೂ, ಕೆಂಪು ಹೀಲ್.