ಅಗ್ನಿಶಾಮಕ ಮತ್ತು ಪೊಲೀಸ್ ವಿದ್ಯಾರ್ಥಿಗಳಿಗೆ ದತ್ತಿ ಇಡುವ ಮುನ್ನ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಅಗ್ನಿಶಾಮಕ ಹಾಗೂ ಪೊಲೀಸ್ ತರಬೇತಿ ಪಡೆಯುವವರಿಗಾಗಿ ತಂದೆಯವರ ಹೆಸರಿನಲ್ಲಿ 25,000 ಡಾಲರ್ ದತ್ತಿ ಇಡುವ ಬಗೆಯನ್ನು ಕೇಳಿದ್ದೀರಿ. ಅಂಥದೇ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ಕೆಲವು ವರ್ಷ ಸ್ವಯಂಸೇವಕನಾಗಿ ಪರಿಶೀಲಿಸಿದ್ದರಿಂದ ಉತ್ತರಿಸುತ್ತಿದ್ದೇನೆ.

ದತ್ತಿ ಎಂದರೆ ಮೂಲಧನ ಮುಟ್ಟದೆ ಬಡ್ಡಿಯಲ್ಲಿ ನಡೆಸುವುದು ಎಂದು ನಾವು ತಿಳಿದಿದ್ದೇವೆ. ಕಾಲೇಜಿನ ಪರವಾಗಿ ದೇಣಿಗೆ ಸ್ವೀಕರಿಸುವ ಇಲ್ಲಿನ ಪ್ರತಿಷ್ಠಾನಗಳೂ ಸಾಮಾನ್ಯವಾಗಿ ನಿಧಿಯ ಶೇ. 4ರಿಂದ 5ರಷ್ಟನ್ನೇ ವರ್ಷವರ್ಷ ಹಂಚುತ್ತವೆ. ನಿಮ್ಮ ಮೊತ್ತಕ್ಕೆ ಅದು ಸಾವಿರ ಡಾಲರಿನ ಆಸುಪಾಸು. ಆ 25,000 ಡಾಲರನ್ನೇ ವರ್ಷಕ್ಕೆ 5,000ದಂತೆ ಐದು ವರ್ಷ ಕೊಟ್ಟರೆ ತಂದೆಯವರ ಹೆಸರು ಬಹುಕಾಲ ಉಳಿಯದು, ನಿಜ. ಆದರೆ ಪಡೆದವರ ಕಷ್ಟ ನೀಗುತ್ತದೆ. ನಾನಾದರೆ ಎರಡನೆಯದನ್ನೇ ಆರಿಸುವೆ.

ಹಣ ಯಾವುದಕ್ಕೆ ಎಂಬುದು ಇನ್ನೂ ಮುಖ್ಯ. ಕರ್ನಾಟಕದಲ್ಲಿ ಫೈರ್‌ಮನ್ ಆಗಲಿ ಕಾನ್‌ಸ್ಟೆಬಲ್ ಆಗಲಿ ಮೊದಲು ನೇಮಕಗೊಂಡು, ಅನಂತರ ಸರ್ಕಾರದ ಖರ್ಚಿನಲ್ಲಿ ತರಬೇತಿ ಪಡೆಯುತ್ತಾರೆ. ಇಲ್ಲಿ ಅನೇಕರು ಕೆಲಸ ಸಿಗುವ ಮೊದಲೇ ಸ್ವಂತ ದುಡ್ಡಿನಲ್ಲಿ ಕಲಿತಿರಬೇಕು. ರಾಜ್ಯದ ನಿವಾಸಿಗಳಿಗೆ ಕಾಲೇಜಿನ ಶುಲ್ಕ ಪಾಠದ ಅಳತೆಯಾದ ಒಂದು ಯೂನಿಟ್‌ಗೆ 46 ಡಾಲರ್ ಮಾತ್ರ, ಬಡವರಿಗೆ ಅದೂ ಮನ್ನಾ ಆಗುತ್ತದೆ. ಆದ್ದರಿಂದ ದತ್ತಿಯ ಕರಾರಿನಲ್ಲಿ ‘ಶುಲ್ಕಕ್ಕೆ ಮಾತ್ರ’ ಎಂದು ಬರೆದರೆ ನಿಮ್ಮ ಹಣ ಕೊರತೆಯಿಲ್ಲದ ಕಡೆಗೇ ಹೋಗುತ್ತದೆ. ಹೊರೆಯಾಗುವುದು ಬೂಟು, ಸಮವಸ್ತ್ರ, ಬೆಂಕಿ ತಡೆಯುವ ಉಡುಪಿನ ಬಾಡಿಗೆ, ದೈಹಿಕ ಸಾಮರ್ಥ್ಯ ಪರೀಕ್ಷೆಯ ಶುಲ್ಕ, ಅಗ್ನಿಶಾಮಕ ಇಲಾಖೆಗಳು ಸಾಮಾನ್ಯವಾಗಿ ಕೇಳುವ ತುರ್ತು ವೈದ್ಯಕೀಯ ಸೇವೆಯ ಇಎಂಟಿ ಪ್ರಮಾಣಪತ್ರ. ಪೊಲೀಸರ ಮೂಲ ತರಬೇತಿಯಂತೂ ಕನಿಷ್ಠ 664 ಗಂಟೆಗಳದು. ಇಲಾಖೆಯೇ ಆರಿಸಿ ಕಳುಹಿಸಿದವರಿಗೆ ಆ ಅವಧಿಯಲ್ಲಿ ಸಂಬಳ ಬರುತ್ತದೆ, ತಾವಾಗಿ ಸೇರಿದವರು ಇದ್ದ ಕೆಲಸವನ್ನೂ ಬಿಟ್ಟು ಮನೆಬಾಡಿಗೆಗೆ ಪರದಾಡುತ್ತಾರೆ. ಆದ್ಯತೆ ಇವರಿಗಿರಲಿ, ಹಣವೂ ತರಬೇತಿ ಆರಂಭವಾಗುವ ಮೊದಲೇ ಕೈಸೇರಲಿ, ಏಕೆಂದರೆ ಬೂಟು ಮೊದಲ ದಿನವೇ ಬೇಕು. ಕೋರ್ಸಿಗೆ ಕಡ್ಡಾಯವಾದ ಪುಸ್ತಕ, ಸಲಕರಣೆಗಳಿಗೆ ಬಳಸಿದ ವಿದ್ಯಾರ್ಥಿವೇತನಕ್ಕೆ ಪದವಿ ಓದುತ್ತಿರುವವರು ಫೆಡರಲ್ ತೆರಿಗೆ ಕಟ್ಟಬೇಕಿಲ್ಲ. ಮನೆಬಾಡಿಗೆಗೆ ಬಳಸಿದ್ದು ಅವರ ಆದಾಯಕ್ಕೆ ಸೇರುತ್ತದೆ. ಹಾಗಿದ್ದರೂ ಬಾಡಿಗೆಗೆ ಅವಕಾಶವಿರಲಿ ಎಂಬುದೇ ನನ್ನ ಮತ.

ನಿಮಗೆ ತೆರಿಗೆ ವಿನಾಯಿತಿ ಬೇಕಿದ್ದರೆ ದಾನವನ್ನು ಪ್ರತಿಷ್ಠಾನಕ್ಕೆ ಕೊಡಬೇಕು, ಆಯ್ಕೆಯನ್ನೂ ಅದಕ್ಕೇ ಬಿಡಬೇಕು. ಇಂಥವರಿಗೇ ಸಲ್ಲಲಿ ಎಂದು ನೀವು ಹೆಸರಿಸುವಂತಿಲ್ಲ. ಕಾಲೇಜಿನ ಇತರ ನೆರವು ಇದರಿಂದ ಕಡಿತವಾಗುವುದೇ ಎಂಬುದನ್ನು ಅಲ್ಲಿನ ಹಣಕಾಸು ನೆರವು ಕಚೇರಿಯಿಂದ ಲಿಖಿತವಾಗಿ ಪಡೆಯಿರಿ.

ಷರತ್ತುಗಳನ್ನು ಮಿತವಾಗಿಡಿ. ದಾನಿಯೊಬ್ಬರು ಅದೇ ಊರಿನ, ಅಗ್ನಿಶಾಮಕ ಸಿಬ್ಬಂದಿಯ ಮಗುವಾಗಿರುವ, ಉತ್ತಮ ಅಂಕಗಳನ್ನೂ ಪಡೆದ ವಿದ್ಯಾರ್ಥಿಯೇ ಬೇಕೆಂದಿದ್ದರಿಂದ ಎರಡು ವರ್ಷ ಒಂದು ಅರ್ಜಿಯೂ ಅರ್ಹವಾಗದೆ ಹಣ ಹಾಗೆಯೇ ಬಿದ್ದಿದ್ದನ್ನು ಕಂಡಿದ್ದೇನೆ. ಅರ್ಹರು ಸಿಗದ ವರ್ಷ ಇಎಂಟಿ ಕಲಿಯುವವರಿಗೂ ಕೊಡಬಹುದು ಎಂಬ ಒಂದು ಸಾಲನ್ನು ಕರಾರಿನಲ್ಲಿ ಈಗಲೇ ಸೇರಿಸಿ.